ಗುಲಗಂಜಿಯ ತೂಕ

ತಿರುಮಕೂಡಲು ನರಸೀಪುರದ ಗುಂಜಾನರಸಿಂಹಸ್ವಾಮಿಯ ಕಥೆಯನ್ನು ನಮ್ಮ ಸೀಮೆಯ ವಾಚಕರು ಬಾಲ್ಯದಲ್ಲಿಯೇ ಕೇಳಿರುವರು. ಅಗಸನೊಬ್ಬನು ದಿನವೂ ಬಟ್ಟೆ ಒಗೆಯುತ್ತಿದ್ದ ಕಲ್ಲಿನ ಕೆಳಗೆ ತಾನಿರುವುದಾಗಿ ಸ್ವಾಮಿಯು ಅವನಿಗೆ ಸ್ವಪ್ನದಲ್ಲಿ ತಿಳಿಸಿ, ಗುಡಿಯನ್ನು ಕಟ್ಟಿಸೆಂದನಂತೆ. ಕಾಶೀಯಾತ್ರೆಯನ್ನು ಬಯಸಿದ್ದ ಆ ಭಕ್ತನಿಗೆ, ಈ ಕ್ಷೇತ್ರವು ಕಾಶಿಗಿಂತ ಗುಲಗಂಜಿಯ ತೂಕದಷ್ಟು ಹೆಚ್ಚೆಂದು ಹೇಳಿದನಂತೆ. ಜನರ ಬಟ್ಟೆಯ ಕೊಳೆಯನ್ನು ತೊಳೆಯುವವನಿಗೇ ಈ ರಹಸ್ಯವು ತಿಳಿಯಿತೆಂಬುದು ಮನನಯೋಗ್ಯವಾಗಿದೆ. ಸಂಗಮದ ಅಗಸ್ತ್ಯೇಶ್ವರನಾದರೋ, ಅಗಸ್ತ್ಯ ಮಹರ್ಷಿಗಳು ಹೊಳೆಯ ಮರಳಿನಿಂದಲೇ ಮಾಡಿದ ಲಿಂಗವೆಂದು ಪ್ರತೀತಿ. ಸ್ಥಳವೂ ದೇವರೂ ಇಲ್ಲಿ ಬೇರೆಯಲ್ಲ.

ದೂರದ ಜಪಾನಿನ ಶಿಂತೋ ಮತದಲ್ಲಿಯೂ ಇದೇ ಭಾವನೆಯನ್ನು ಕಾಣುತ್ತೇವೆ. ಬೆಟ್ಟ, ಬಂಡೆ, ಜಲಪಾತ, ಹಳೆಯ ಮರ, ಇವುಗಳಲ್ಲಿ ನೆಲೆಸಿರುವ ದೇವತೆಗಳನ್ನು ಅಲ್ಲಿಯವರು 'ಕಾಮಿ' ಎನ್ನುವರು. ಪವಿತ್ರವೆನಿಸಿದ ಮರಕ್ಕೆ ಬತ್ತದ ಹುಲ್ಲಿನ ಹಗ್ಗವನ್ನು ಸುತ್ತುವರು. ಕೈತೊಳೆದು, ಬಾಯಿ ಮುಕ್ಕಳಿಸಿಯೇ ದೇವರ ಸನ್ನಿಧಿಗೆ ನಡೆಯುವರು. ಶುಚಿತ್ವವೇ ಆ ಮತದ ಮೊದಲ ಪಾಠ.

ಆದರೆ ಅಂತಹ ದೇಶದಲ್ಲಿಯೂ ಒಂದು ಪ್ರಮಾದ ಸಂಭವಿಸಿತು. 1906ರಲ್ಲಿ ಅಲ್ಲಿಯ ಸರ್ಕಾರವು ಗ್ರಾಮಗಳ ಸಣ್ಣ ಗುಡಿಗಳನ್ನು ಒಂದರಲ್ಲೊಂದು ಸೇರಿಸುವ ನೀತಿಯನ್ನು ಕೈಗೊಂಡಿತು. ಕೆಲವೇ ವರ್ಷಗಳಲ್ಲಿ ಸುಮಾರು 70,000 ಗುಡಿಗಳು ಇಲ್ಲವಾದುವು. ಅವುಗಳ ಸುತ್ತಣ ದೇವರ ತೋಪುಗಳು ಕೊಡಲಿಗೆ ಬಲಿಯಾದುವು. ಮಿನಾಕತ ಕುಮಗುಸು ಎಂಬ ಪ್ರಕೃತಿಶಾಸ್ತ್ರಜ್ಞರು ಇದನ್ನು ಪ್ರತಿಭಟಿಸಿ, 1910ರಲ್ಲಿ ಕೆಲವು ದಿನ ಸೆರೆಮನೆಯನ್ನೂ ಕಂಡರು. ತೋಪು ಹೋದರೆ ಹಕ್ಕಿಗಳು ಹೋಗುವುವು, ಪೈರಿಗೆ ಹುಳು ಹೆಚ್ಚುವುದು, ಊರಿನ ಒಗ್ಗಟ್ಟೂ ಹಳೆಯ ಕಥೆಗಳೂ ಅಳಿಯುವುವು ಎಂಬುದೇ ಅವರ ವಾದವಾಗಿದ್ದಿತು. ಅವರು ಕಾಪಾಡಲೆಳಸಿದ ಕಾಶಿಮಾ ದ್ವೀಪವು ಉಳಿಯಿತು. 1929ರಲ್ಲಿ ಚಕ್ರವರ್ತಿಯೇ ಅದನ್ನು ನೋಡಲು ಬಂದನು.

ನಮ್ಮಲ್ಲಿ ಗುಡಿಗಳಿಗೂ ಉತ್ಸವಗಳಿಗೂ ಕೊರತೆಯಿಲ್ಲ. ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ಐದು ತೇರುಗಳು ಹರಿಯುವುವು. ತಿರುಮಕೂಡಲಿನಲ್ಲಿ 1989ರಲ್ಲಿ ಆರಂಭವಾದ ಕುಂಭಮೇಳವು 2025ರ ಫೆಬ್ರವರಿಯಲ್ಲಿಯೂ ನೆರವೇರಿತು. ಆದರೆ ಕಪಿಲೆಯಲ್ಲಿ ಮಿಂದು, ಉಟ್ಟ ಬಟ್ಟೆಯನ್ನು ಹೊಳೆಯಲ್ಲಿಯೇ ಬಿಟ್ಟುಬರುವ ರೂಢಿಯನ್ನು ಯಾವ ಶಾಸ್ತ್ರವು ವಿಧಿಸಿದೆಯೋ ನಾವರಿಯೆವು. ನಂಜನಗೂಡಿನಲ್ಲಿ ನೀರಿಗೆ ಬಿದ್ದ ಕೊಳೆಯು ಹರಿದು ಸೇರುವುದು ಕಾವೇರಿಯ ಸಂಗಮಕ್ಕೇ. ಶ್ರೀಕಂಠೇಶ್ವರನು ಲೋಕಹಿತಕ್ಕಾಗಿ ವಿಷವನ್ನುಂಡನೆಂಬುದು ನಿಜ. ಅಷ್ಟರಿಂದ ಅವನ ಹೊಳೆಗೆ ವಿಷವುಣಿಸುವ ಅಧಿಕಾರವು ನಮಗೆ ಬರಲಿಲ್ಲ.

ಘಟ್ಟಗಳಲ್ಲಿ ಬಟ್ಟೆ ಹಾಕಲು ತೊಟ್ಟಿಗಳನ್ನಿಟ್ಟು ಕಾವಲಿಡುವುದು ಅಧಿಕಾರಿಗಳ ಕರ್ತವ್ಯ. ಅವುಗಳನ್ನು ಉಪಯೋಗಿಸುವುದು, ಪಕ್ಕದವನಿಗೆ ವಿನಯದಿಂದ ಹೇಳುವುದು ಯಾತ್ರಿಕರ ಕರ್ತವ್ಯ. ಇದನ್ನು ದೇವರ ಸೇವೆಯೆಂದೇ ಎಣಿಸಬೇಕೆಂದು ನಾವು ಅರಿಕೆಮಾಡುತ್ತೇವೆ. ಕಾಶಿಗಿಂತ ನಮಗೆ ಹೆಚ್ಚಾಗಿ ದೊರೆತದ್ದು ಒಂದು ಗುಲಗಂಜಿಯ ತೂಕ ಮಾತ್ರ. ಅಷ್ಟನ್ನು ಕಳೆದುಕೊಳ್ಳಲು ಬಹುಕಾಲ ಬೇಕಾಗದು.