ಹೆಸರಿನ ಚೀಟಿಯೂ ಮರದ ಗುರುತೂ: ಆಲಿವ್ ಬೆಳೆಗಾರರ ಅನುಭವ



ಸಸಿ ಕೊಳ್ಳುವಾಗ ತಳಿಯಲ್ಲಿ ಆದ ಮೋಸ ಫಸಲು ಬರುವವರೆಗೆ ತಿಳಿಯುವುದಿಲ್ಲ. ತಿಳಿಯುವ ಹೊತ್ತಿಗೆ ಗೊಬ್ಬರ, ಕೂಲಿ, ವರ್ಷಗಳು ಎಲ್ಲವೂ ಮಣ್ಣು ಸೇರಿರುತ್ತವೆ. ಅಡಿಕೆ, ಕಾಫಿ ಬೆಳೆಯುವ ನಮಗೆ ಇದು ಹೊಸ ಮಾತಲ್ಲ. ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ಆಲಿವ್ ಬೆಳೆಗಾರರದೂ ಇದೇ ಚಿಂತೆ. ಅಲ್ಲಿ ಕಂಡುಕೊಂಡಿರುವ ಉಪಾಯವನ್ನು ಇಲ್ಲಿ ಪರಿಚಯಿಸುವುದು ಅಪ್ರಸ್ತುತವಾಗಲಾರದು.

ಆಲಿವ್ ಮರ ನೂರಾರು ವರ್ಷ ಬಾಳುತ್ತದೆ. ಒಳ್ಳೆಯ ಮರದ ಕಡ್ಡಿ ನೆಟ್ಟು ಅಥವಾ ಕಸಿ ಕಟ್ಟಿ ತಳಿಯನ್ನು ಉಳಿಸಿಕೊಳ್ಳುವುದು ಅಲ್ಲಿನ ಹಳೆಯ ಪದ್ಧತಿ. ಕಡ್ಡಿ ಊರಿಂದೂರಿಗೆ ಹೋದಂತೆ ಹೆಸರು ಬದಲಾಯಿತು. ಸ್ಪೇನಿನ ಪ್ರಸಿದ್ಧ 'ಪಿಕುಆಲ್' ತಳಿಗೆ 'ಮಾರ್ತೆನ್ಯೊ' ಎಂಬ ಹೆಸರೂ ಉಂಟು. ಇದಕ್ಕೆ ತದ್ವಿರುದ್ಧವಾಗಿ, ಪುಟ್ಟ ಸೇಬು ಎಂದು ಅರ್ಥ ಬರುವ 'ಮಾನ್ಸನಿಲ್ಯಾ' ಎಂಬ ಒಂದೇ ಹೆಸರಿನಲ್ಲಿ ಹಲವು ಬೇರೆ ಬೇರೆ ತಳಿಗಳಿವೆ.

ಎಲೆ, ಕಾಯಿ ನೋಡಿ ತಳಿ ಹೇಳೋಣವೆಂದರೆ ಅವು ಮಣ್ಣು, ನೀರು, ಫಸಲಿನ ಭಾರಕ್ಕೆ ತಕ್ಕಂತೆ ಬದಲಾಗುತ್ತವೆ. ಗೊರಟಿನ ಆಕಾರ ಹೆಚ್ಚು ನಂಬಿಕೆಗೆ ಅರ್ಹವಾದರೂ, ಅದಕ್ಕಾಗಿ ಮರ ಕಾಯಿ ಬಿಡುವವರೆಗೆ ಕಾಯಬೇಕು.

ಡಿ.ಎನ್.ಎ. ಪರೀಕ್ಷೆಗೆ ಸಸಿಯ ಎಲೆಯೇ ಸಾಕು. ಡಿ.ಎನ್.ಎ.ಯನ್ನು ನಾಲ್ಕೇ ಅಕ್ಷರಗಳಲ್ಲಿ ಬರೆದ ಉದ್ದನೆಯ ಬರಹವೆಂದು ಭಾವಿಸೋಣ. ಅದರ ಕೆಲವು ಜಾಗಗಳಲ್ಲಿ ಎರಡು ಮೂರು ಅಕ್ಷರಗಳ ತುಣುಕು ಮತ್ತೆ ಮತ್ತೆ ಬರುತ್ತದೆ. ಒಂದು ತಳಿಯಲ್ಲಿ ಹತ್ತು ಸಲ ಬಂದರೆ ಇನ್ನೊಂದರಲ್ಲಿ ಹದಿನಾಲ್ಕು ಸಲ ಬಂದಿರಬಹುದು. ಈ ಜಾಗಗಳಿಗೆ ಮೈಕ್ರೋಸ್ಯಾಟಲೈಟ್ ಎಂದು ಹೆಸರು. ಪ್ರಯೋಗಾಲಯದಲ್ಲಿ ಆ ಜಾಗದ ಪ್ರತಿಗಳನ್ನು ಲಕ್ಷಗಟ್ಟಲೆ ಮಾಡಿ ಉದ್ದವನ್ನು ಅಳೆಯುತ್ತಾರೆ. ಹಲವು ಜಾಗಗಳ ಅಳತೆಗಳನ್ನು ಒಟ್ಟುಗೂಡಿಸಿದರೆ ಅದೇ ತಳಿಯ ಹೆಬ್ಬೆಟ್ಟಿನ ಗುರುತಾಗುತ್ತದೆ.

ಸ್ಪೇನಿನ ಕೊರ್ದೊಬಾ ನಗರದಲ್ಲಿ 1970ರಲ್ಲಿ ಆರಂಭವಾದ ಜಾಗತಿಕ ಆಲಿವ್ ತಳಿ ಸಂಗ್ರಹವಿದೆ. ಅಲ್ಲಿ 21 ದೇಶಗಳಿಂದ ಬಂದ, 499 ದಾಖಲೆಗಳಿಗೆ ಸೇರಿದ 824 ಮರಗಳನ್ನು 33 ಡಿ.ಎನ್.ಎ. ಗುರುತುಗಳಿಂದಲೂ ಗೊರಟಿನ 11 ಲಕ್ಷಣಗಳಿಂದಲೂ ಪರೀಕ್ಷಿಸಿದರು. 2014ರಲ್ಲಿ ಪ್ರಕಟವಾದ ಫಲಿತಾಂಶದಂತೆ ಅವುಗಳಲ್ಲಿದ್ದ ತಳಿಗಳು 332 ಮಾತ್ರ. ಒಂದೇ ತಳಿಗೆ ಎರಡು ಹೆಸರು, ಒಂದೇ ಹೆಸರಿಗೆ ಎರಡು ತಳಿ, ಚೀಟಿ ಅದಲುಬದಲಾದ ಮರ ಎಲ್ಲವೂ ಹೊರಬಿದ್ದವು. ವಿಜ್ಞಾನಿಗಳ ತೋಟದಲ್ಲೇ ಹೀಗಾದರೆ ನರ್ಸರಿಗಳ ಮಾತೇನು?

ಇದು ಕೇವಲ ಹೆಸರಿನ ಜಗಳವಲ್ಲ. ಇಟಲಿಯ ಪೂಲ್ಯಾ ಪ್ರಾಂತದಲ್ಲಿ 2013ರಲ್ಲಿ ಕ್ಸೈಲೆಲ್ಲಾ ಎಂಬ ಬ್ಯಾಕ್ಟೀರಿಯಾ ಪತ್ತೆಯಾಯಿತು. ಲಕ್ಷಾಂತರ ಆಲಿವ್ ಮರಗಳು ಒಣಗಿದವು. ಸ್ಥಳೀಯ 'ಓಲ್ಯಾರೊಲಾ', 'ಚೆಲ್ಲಿನಾ' ತಳಿಗಳು ನೆಲಕಚ್ಚಿದರೆ, 'ಲೆಚ್ಚಿನೊ' ಮತ್ತು 'ಎಫ್.ಎಸ್. 17' ರೋಗವನ್ನು ಬಹುಮಟ್ಟಿಗೆ ತಡೆದುಕೊಂಡವು. ಅಂಥ ಕಡೆ ಲೆಚ್ಚಿನೊ ಎಂದು ಕೊಂಡು ನೆಟ್ಟ ಸಸಿ ಬೇರೆ ತಳಿಯಾಗಿದ್ದರೆ, ಆ ರೈತ ಎರಡನೆಯ ಸಲ ತೋಟ ಕಳೆದುಕೊಂಡಂತೆಯೇ ಸರಿ.

ಆದರೆ ಪರೀಕ್ಷೆಗೆ ಮಿತಿಗಳೂ ಇವೆ. ಸಸಿ ಲೆಚ್ಚಿನೊ ಹೌದೋ ಅಲ್ಲವೋ ಎಂದಷ್ಟೇ ಈ ಗುರುತುಗಳು ಹೇಳುತ್ತವೆ. ಲೆಚ್ಚಿನೊ ರೋಗ ತಡೆಯುತ್ತದೆಂಬುದು ತೋಟದಲ್ಲಿ ನೋಡಿ ತಿಳಿದ ವಿಷಯ. ಹೋಲಿಸಲು ನಂಬಿಕೆಯ ಮೂಲ ಮರವೊಂದು ಇಲ್ಲದಿದ್ದರೆ ಅಳತೆಗಳು ಬರಿಯ ಅಂಕಿಗಳಷ್ಟೇ. ಕಸಿ ಗಿಡದಲ್ಲಿ ಮೇಲಿನ ಎಲೆ ಕೊಟ್ಟರೆ ಕೆಳಗಿನ ಬೇರುಗಿಡದ ವಿಚಾರ ತಿಳಿಯದು.

ನಮ್ಮ ಬೆಳೆಗಳಿಗೆ ಇದನ್ನು ಅನ್ವಯಿಸುವಾಗ ಒಂದು ಎಚ್ಚರ ಅಗತ್ಯ. ರೋಬಸ್ಟಾ ಕಸಿ ಗಿಡದ ಕುಡಿಯನ್ನು ಆಲಿವ್‌ನಂತೆಯೇ ಮೂಲ ಗಿಡದೊಡನೆ ಹೋಲಿಸಬಹುದು. ಅಡಿಕೆಯಾದರೋ ಪರಕೀಯ ಪರಾಗಸ್ಪರ್ಶದ ಬೆಳೆ, ಬೀಜದಿಂದ ಬರುವಂಥದು. ಒಂದೇ ತಾಯಿಮರದ ಗೋಟಿನಿಂದ ಎದ್ದ ಎರಡು ಸಸಿಗಳೂ ಪರಸ್ಪರ ಪಡಿಯಚ್ಚಲ್ಲ. ಆದ್ದರಿಂದ ಒಂದು ಸಸಿಯ ಪರೀಕ್ಷೆಯಿಂದ ಇಡೀ ಮಡಿಗೆ ಭರವಸೆ ಸಿಗದು.

ಪ್ರಯೋಗಾಲಯ ದೂರವಿದ್ದರೂ ದಾಖಲೆ ನಮ್ಮ ಕೈಯಲ್ಲೇ ಇದೆ. ತಾಯಿಮರಕ್ಕೆ ಸಂಖ್ಯೆ ಬರೆಯುವುದು, ಸಸಿ ತಂದ ಸ್ಥಳ ಹಾಗೂ ವರ್ಷವನ್ನು ಪುಸ್ತಕದಲ್ಲಿ ಗುರುತಿಸುವುದು, ರಸೀತಿಯಲ್ಲಿ ತಳಿಯ ಹೆಸರು ಬರೆಸಿಕೊಳ್ಳುವುದು, ಇವಕ್ಕೆ ಖರ್ಚೇನೂ ಇಲ್ಲ. ಮುಂದೆ ಅನುಮಾನ ಬಂದಾಗ ಹೋಲಿಸಿ ನೋಡಲು ಈ ದಾಖಲೆಗಳೇ ಆಧಾರ. ಈ ಮಳೆಗಾಲದಲ್ಲಿ ಸಸಿ ನೆಡುವ ಸದಸ್ಯರು ಇಷ್ಟನ್ನಾದರೂ ತಪ್ಪದೆ ಮಾಡಬೇಕಾಗಿ ವಿನಂತಿ.