ನೆನಪು ಮತ್ತು ಬೀಗವಿಲ್ಲದ ಓದು: ಫೈರ್‌ವಾಲ್ ತಂತ್ರಾಂಶದ ಒಂದು ದ್ವಂದ್ವ

ಗಣಕಜಾಲದ ಗಡಿಯಲ್ಲಿ ನಿಂತು, ಬರುವ ಪ್ರತಿಯೊಂದು ಪ್ಯಾಕೆಟ್ಟನ್ನೂ ಪರಿಶೀಲಿಸಿ ಒಳಬಿಡುವ ಅಥವಾ ತಡೆಯುವ ತಂತ್ರಾಂಶವೇ ಫೈರ್‌ವಾಲ್. ತಲಪಾಡಿಯಂತಹ ಗಡಿಯ ತನಿಖಾ ಠಾಣೆಯನ್ನು ಬಲ್ಲವರಿಗೆ ಇದರ ಸ್ವರೂಪ ಅಪರಿಚಿತವೆನಿಸದು. ಭೇದವಿರುವುದು ಕಾಲದ ಪ್ರಮಾಣದಲ್ಲಿ. 10 ಗಿಗಾಬಿಟ್ ವೇಗದ ಸಂಪರ್ಕದಲ್ಲಿ ಸೆಕೆಂಡಿಗೆ ಸುಮಾರು 1.49 ಕೋಟಿ ಕಿರುಪ್ಯಾಕೆಟ್ಟುಗಳು ಬರಬಲ್ಲವು. ಅಂದರೆ ಎರಡು ಪ್ಯಾಕೆಟ್ಟುಗಳ ನಡುವಿನ ಅಂತರ ಸುಮಾರು 67 ನ್ಯಾನೊಸೆಕೆಂಡ್ ಮಾತ್ರ.

ಇಷ್ಟರೊಳಗೆ ನೂರಾರು ನಿಯಮಗಳನ್ನು ಒಂದೊಂದಾಗಿ ಹೋಲಿಸುವುದು ದುಸ್ಸಾಧ್ಯ. ಇದಕ್ಕೆ ಎರಡು ಪರಿಹಾರಗಳುಂಟು. ಮೊದಲನೆಯದು ಕ್ಯಾಶ್: ಒಮ್ಮೆ ಕೈಗೊಂಡ ತೀರ್ಮಾನವನ್ನು ನೆನಪಿನಲ್ಲಿರಿಸಿ, ಅದೇ ಬಗೆಯ ಪ್ಯಾಕೆಟ್ ಮತ್ತೆ ಬಂದಾಗ ಅದನ್ನೇ ಅನ್ವಯಿಸುವುದು. ಎರಡನೆಯದು ಬೀಗರಹಿತ ಹುಡುಕಾಟ: ಅನೇಕ ಸಂಸ್ಕಾರಕಗಳು ಪರಸ್ಪರ ಕಾಯದೆ ಒಂದೇ ಕೋಷ್ಟಕವನ್ನು ಏಕಕಾಲದಲ್ಲಿ ಓದುವುದು.

ಎರಡನೆಯದರ ಪ್ರಸಿದ್ಧ ರೂಪ, 2002ರಲ್ಲಿ ಲಿನಕ್ಸ್ ಕರ್ನಲ್‌ಗೆ ಸೇರಿದ ಆರ್‌ಸಿಯು ವಿಧಾನ. ಗ್ರಂಥಸಂಪಾದನೆಯ ಹೋಲಿಕೆಯಿಂದ ಇದನ್ನು ವಿವರಿಸಬಹುದು. ಸಂಪಾದಕನು ಓದುಗರ ಕೈಯಲ್ಲಿರುವ ಪ್ರತಿಯನ್ನು ತಿದ್ದುವುದಿಲ್ಲ. ಬೇರೊಂದು ಪರಿಷ್ಕೃತ ಪ್ರತಿಯನ್ನು ಸಿದ್ಧಪಡಿಸಿ, ಮುಂದೆ ಬರುವವರಿಗೆ ಅದನ್ನೇ ತೋರಿಸುತ್ತಾನೆ. ಹಳೆಯ ಪ್ರತಿಯ ಕೊನೆಯ ಓದುಗನು ಓದಿ ಮುಗಿಸಿದ ಬಳಿಕವೇ ಅದನ್ನು ವಿಸರ್ಜಿಸಲಾಗುತ್ತದೆ. ಓದುವವನು ಯಾರಿಗಾಗಿಯೂ ಕಾಯಬೇಕಿಲ್ಲ.

ಮೇಲ್ನೋಟಕ್ಕೆ ಈ ಎರಡೂ ಪರಸ್ಪರ ಪೂರಕ. ತೊಡಕಿರುವುದು ಬೇರೆಡೆ. ಕ್ಯಾಶ್‌ನ ಜಾಗ ಸೀಮಿತವಾದುದರಿಂದ ಬಹುಕಾಲ ಬಳಕೆಯಾಗದ ನಮೂದುಗಳನ್ನು ಕೈಬಿಡಬೇಕು. ಅದಕ್ಕಾಗಿ ಯಾವ ನಮೂದು ಯಾವಾಗ ಬಳಕೆಯಾಯಿತೆಂದು ಗುರುತಿಸುತ್ತಿರಬೇಕು. ಹೀಗೆ ಪ್ರತಿಯೊಂದು ಓದೂ ಒಂದು ಬರವಣಿಗೆಯಾಗುತ್ತದೆ. ಹಲವು ಸಂಸ್ಕಾರಕಗಳು ಒಂದೇ ಸ್ಮೃತಿಭಾಗಕ್ಕೆ ಬರೆಯತೊಡಗಿದರೆ ಆ ಭಾಗವು ಅವುಗಳ ನಡುವೆ ಅಲೆದಾಡುತ್ತದೆ. ಬೀಗವನ್ನು ತೆಗೆದುಹಾಕಿದರೂ ಕಾಯುವಿಕೆ ಉಳಿದೇ ಇರುತ್ತದೆ. ಪ್ರತಿ ಸಂಸ್ಕಾರಕಕ್ಕೂ ಪ್ರತ್ಯೇಕ ಕ್ಯಾಶ್ ಒದಗಿಸಬಹುದು. ಆಗ ಸ್ಪರ್ಧೆ ನಿಲ್ಲುತ್ತದೆ, ಆದರೆ ನಿಯಮ ಬದಲಾದಾಗ ಅಷ್ಟೂ ಕ್ಯಾಶ್‌ಗಳನ್ನು ರದ್ದುಗೊಳಿಸುವ ಹೊಣೆ ಬೀಳುತ್ತದೆ.

ಫೈರ್‌ವಾಲಿನ ನೆರೆಯ ಕ್ಷೇತ್ರವಾದ ಮಾರ್ಗನಿರ್ಣಯದಲ್ಲಿ ಇದರ ಸ್ಪಷ್ಟ ನಿದರ್ಶನವಿದೆ. ಲಿನಕ್ಸ್‌ನ ಐಪಿವಿ4 ಮಾರ್ಗ ಕ್ಯಾಶ್‌ನಲ್ಲಿ ಯಾವ ನಮೂದು ಸೇರಬೇಕೆಂಬುದನ್ನು ಹೊರಗಿನಿಂದ ಬರುವ ಪ್ಯಾಕೆಟ್ಟುಗಳೇ ನಿರ್ಧರಿಸುತ್ತಿದ್ದವು. ದಾಳಿಕೋರನು ಬಗೆಬಗೆಯ ವಿಳಾಸಗಳಿಂದ ಪ್ಯಾಕೆಟ್ ಕಳುಹಿಸಿದರೆ ಕ್ಯಾಶ್ ನಿರುಪಯುಕ್ತ ನಮೂದುಗಳಿಂದ ತುಂಬಿಹೋಗುತ್ತಿತ್ತು. ವೇಗಕ್ಕೆಂದು ಕಟ್ಟಿದ್ದೇ ದೌರ್ಬಲ್ಯವಾಯಿತು. 2012ರಲ್ಲಿ, 3.6ನೆಯ ಆವೃತ್ತಿಯಲ್ಲಿ, ಡೇವಿಡ್ ಮಿಲ್ಲರ್ ಅದನ್ನು ತೆಗೆದುಹಾಕಿದರು. ಮೂಲ ಕೋಷ್ಟಕವನ್ನೇ ಬೀಗವಿಲ್ಲದೆ ನೇರವಾಗಿ ಹುಡುಕುವ ಕ್ರಮ ಉಳಿಯಿತು.

ಫೈರ್‌ವಾಲ್‌ಗೆ ಇದೇ ಮಾರ್ಗ ಪೂರ್ಣವಾಗಿ ಒದಗದು. ಹೊರಟ ಕೋರಿಕೆಗೆ ಬಂದ ಉತ್ತರವನ್ನು ಗುರುತಿಸಲು ಸಂಪರ್ಕಗಳ ದಾಖಲೆ ಬೇಕೇ ಬೇಕು. ಇಲ್ಲಿ ನೆನಪು ವೇಗದ ಸಾಧನವಷ್ಟೇ ಅಲ್ಲ, ತೀರ್ಮಾನದ ಆಧಾರವೂ ಹೌದು. ಆದುದರಿಂದ ಲಿನಕ್ಸ್ ಈ ಕೋಷ್ಟಕವನ್ನು ಬೀಗವಿಲ್ಲದೆ ಓದುತ್ತದೆ, ಬರೆಯುವಾಗ ಮಾತ್ರ ಬೀಗ ಹಾಕುತ್ತದೆ. ಆದರೂ ಕೋಷ್ಟಕ ತುಂಬಿದಾಗ ಹೊಸ ಸಂಪರ್ಕಗಳು ನಿರಾಕೃತವಾಗುತ್ತವೆ. ಸ್ಥಾಪಿತ ಸಂಪರ್ಕಗಳನ್ನು ಮೊದಲೇ ಒಪ್ಪುವ ರೂಢಿಯ ನಿಯಮವಿದ್ದಲ್ಲಿ, ಅದರ ಕೆಳಗೆ ಹೊಸದಾಗಿ ನಿಷೇಧ ಸೇರಿಸಿದರೂ ಹಳೆಯ ಸಂಪರ್ಕ ಮುಂದುವರಿಯುತ್ತದೆ.

ಆದಕಾರಣ ಯಾವುದು ಶೀಘ್ರವೆಂಬ ಪ್ರಶ್ನೆಯೊಂದೇ ಸಾಲದು. ನೆನಪು ಹಳತಾದಾಗ ಆಗುವ ಹಾನಿ ಎಷ್ಟು, ಅದನ್ನು ತುಂಬಿಸುವ ಅಧಿಕಾರ ಯಾರ ಕೈಯಲ್ಲಿದೆ ಎಂಬುದನ್ನೂ ಕೇಳಬೇಕು. ಅಪರಿಚಿತರು ತುಂಬಿಸಬಲ್ಲ ಕ್ಯಾಶ್‌ಗಿಂತ, ತುಸು ನಿಧಾನವಾದರೂ ಏಕರೀತಿಯಲ್ಲಿ ನಡೆಯುವ ಹುಡುಕಾಟವೇ ಗಡಿ ಕಾಯುವ ತಂತ್ರಾಂಶಕ್ಕೆ ಹೆಚ್ಚು ತಕ್ಕುದು.