ಕರ್ನಾಳಾದ ಇಳಿಜಾರು, ನನ್ನ ಮೊಣಕಾಲು

ಆ ಬೆಟ್ಟವನ್ನು ನೀವೂ ನೋಡಿದ್ದೀರಿ. 1998ರಲ್ಲಿ ಕೊಂಕಣ ರೈಲು ಬರುವ ಮೊದಲು ಊರಿಗೆ ಹೋಗಲು ನಮಗೆಲ್ಲ ಬಸ್ಸೇ ಗತಿಯಾಗಿತ್ತಲ್ಲವೇ? ಗೋವಾ ರಸ್ತೆಯ ಬಸ್ಸು ಹತ್ತಿದವರಿಗೆ ಪನ್ವೇಲ್ ದಾಟಿದ ಸ್ವಲ್ಪ ಹೊತ್ತಿನಲ್ಲೇ ಕಿಟಕಿಯಾಚೆ ಒಂದು ಕರಿಕಲ್ಲಿನ ಕಂಬ ಕಾಣಿಸುತ್ತಿತ್ತು, ಆಕಾಶಕ್ಕೆ ಯಾರೋ ಹೆಬ್ಬೆರಳು ಎತ್ತಿ ತೋರಿಸಿದ ಹಾಗೆ. ಅದೇ ಕರ್ನಾಳಾ ಕೋಟೆ. ಮದುವೆಯಾಗಿ ಮುಂಬಯಿಗೆ ಬಂದ ಮೇಲೆ ಎಷ್ಟು ಸಲ ಆ ಹೆಬ್ಬೆರಳನ್ನು ನೋಡಿದ್ದೇನೋ ಲೆಕ್ಕವಿಲ್ಲ. ಒಮ್ಮೆಯಾದರೂ ಅದರ ಬುಡಕ್ಕೆ ಹೋಗಿ ನಿಲ್ಲಬೇಕೆಂಬ ಆಸೆ ಮನಸ್ಸಿನ ಮೂಲೆಯಲ್ಲಿ ಇದ್ದೇ ಇತ್ತು.

ಕಳೆದ ವರ್ಷದ ನವೆಂಬರಿನಲ್ಲಿ ನಮ್ಮ ಮಹಿಳಾ ವಿಭಾಗದ ಸಭೆಯಲ್ಲಿ ವಾರ್ಷಿಕ ವಿಹಾರಕ್ಕೆ ಎಲ್ಲಿಗೆ ಹೋಗುವುದೆಂಬ ಮಾತು ಬಂತು. ಒಬ್ಬರು ಲೋಣಾವಳಾ ಎಂದರು, ಇನ್ನೊಬ್ಬರು ಅಲಿಬಾಗ್ ಎಂದರು. "ಕರ್ನಾಳಾ" ಎಂದು ಹಟ ಹಿಡಿದವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಡೆದದ್ದಕ್ಕೆ ಬೇರೆ ಯಾರನ್ನೂ ದೂರುವಂತಿಲ್ಲ.

ಮುಲುಂಡಿನಿಂದ ಬೆಳಿಗ್ಗೆ ಆರಕ್ಕೆ ಹೊರಟ ನಮ್ಮ ಗಾಡಿ ಐರೋಲಿ ಸೇತುವೆ ದಾಟಿ ಎಂಟರೊಳಗೆ ಪಕ್ಷಿಧಾಮದ ಬಾಗಿಲು ಮುಟ್ಟಿತು. ಹತ್ತುವುದು ನಾವು ಭಯಪಟ್ಟಷ್ಟು ಕಷ್ಟವೇನೂ ಆಗಲಿಲ್ಲ. ದಟ್ಟ ಕಾಡಿನ ನೆರಳಿನಲ್ಲಿ ನಿಂತು ನಿಂತು, ಅವಲಕ್ಕಿ ತಿಂದು, ಮಜ್ಜಿಗೆ ಕುಡಿದು, ಕರ್ಣಾಯಿ ದೇವಿಗೆ ಕೈ ಮುಗಿದು ಮೇಲೆ ತಲುಪಿದೆವು. ಆ ಕಂಬದ ಬುಡದಲ್ಲಿ ಕಲ್ಲು ಕೊರೆದು ಮಾಡಿದ ನೀರಿನ ತೊಟ್ಟಿಗಳಿವೆ. ಮೇಲೆ ಬಂಡೆಗೆ ಹೆಜ್ಜೇನಿನ ಗೂಡುಗಳು ತೂಗುತ್ತವೆ. ಅಲ್ಲಿ ಗದ್ದಲ ಮಾಡಬಾರದು, ಸುಗಂಧ ಪೂಸಿಕೊಂಡು ಹೋಗಬಾರದು ಎನ್ನುತ್ತಾರೆ. ಮೂವತ್ತು ವರ್ಷ ಕಿಟಕಿಯಿಂದ ನೋಡಿದ್ದನ್ನು ಅಂಗೈಯಿಂದ ಮುಟ್ಟಿದಾಗ ಆದ ಸಂತೋಷ ಅಷ್ಟಿಷ್ಟಲ್ಲ.

ಬಿದ್ದದ್ದು ಇಳಿಯುವಾಗ. ಬೀಳುವವರು ಬಹುಪಾಲು ಇಳಿಯುವಾಗಲೇ ಬೀಳುತ್ತಾರಂತೆ. ಹತ್ತಿ ದಣಿದ ಕಾಲಿಗೆ ಇಳಿಯುವುದು ಇನ್ನೂ ದೊಡ್ಡ ಕೆಲಸ. ಸಮನೆಲದಲ್ಲಿ ನಡೆಯುವಾಗಲೇ ಮೊಣಕಾಲಿನ ಕೀಲಿನ ಮೇಲೆ ನಮ್ಮ ಮೈತೂಕದ ಎರಡೂವರೆ ಪಟ್ಟಿನಷ್ಟು ಭಾರ ಬೀಳುತ್ತದೆ, ಮೆಟ್ಟಿಲಿಳಿಯುವಾಗ ಅದು ಮೂರು ಪಟ್ಟನ್ನೂ ದಾಟುತ್ತದೆ. ನನ್ನ ಕಾಲಲ್ಲಿದ್ದದ್ದು ಮಾರ್ಕೆಟ್ಟಿಗೆ ಹೋಗುವ ಸವೆದ ಚಪ್ಪಲಿ. ಒಣಗಿದ ಎಲೆ, ಅದರಡಿ ಗರುಸು ಕಲ್ಲು. ಎಡಪಾದ ಒಂದು ಬೇರಿನ ಸಂದಿಗೆ ಸಿಕ್ಕಿ ಅಲ್ಲೇ ನಿಂತಿತು, ನಾನು ಮಾತ್ರ ತಿರುಗಿದೆ. ಮೊಣಕಾಲಿನ ಒಳಮಗ್ಗುಲಲ್ಲಿ ಬಟ್ಟೆ ಹಿಂಡಿದ ಹಾಗಾಯಿತು.

"ಅಕ್ಕಾ, ಏಳಬೇಡಿ, ಕುಳಿತಿರಿ" ಎಂದು ಜೊತೆಯವರೊಬ್ಬರು ಓಡಿ ಬಂದರು. ನಾನೋ, ಚೂಡಿದಾರದ ಮಣ್ಣು ಕೊಡವಿಕೊಂಡು, "ಏನೂ ಆಗಿಲ್ಲ ಮಾರಾಯ್ತಿ, ನಡೆಯಿರಿ" ಎಂದೆ. ಹಟ ಹಿಡಿದು ಎಲ್ಲರನ್ನೂ ಕರೆದುಕೊಂಡು ಬಂದವಳೇ ಕಾಲು ಮುರಿದುಕೊಂಡು ಕುಳಿತರೆ ಹೇಗೆ? ನಾಚಿಕೆ ನೋವಿಗಿಂತ ದೊಡ್ಡದಾಗಿತ್ತು. ಅರಣ್ಯ ಇಲಾಖೆಯ ಕಾವಲುಗಾರನೊಬ್ಬ ಒಂದು ಬಿದಿರ ಕೋಲು ಕೊಟ್ಟ. ಅದನ್ನೂ ನಾನು ನೋವಿದ್ದ ಎಡಗಡೆಯಲ್ಲೇ ಹಿಡಿದೆ. ಕೋಲನ್ನು ನೋಯುವ ಕಾಲಿಗೆ ಎದುರು ಕೈಯಲ್ಲಿ, ಅಂದರೆ ಬಲಗೈಯಲ್ಲಿ ಹಿಡಿಯಬೇಕೆಂದು ತಿಳಿದದ್ದು ಆಮೇಲೆ. ಮೆಟ್ಟಿಲಿಗೂ ಒಂದು ಕ್ರಮವಿದೆ: ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋಯುವ ಕಾಲು ಮೊದಲು. ಇಷ್ಟು ಗೊತ್ತಿದ್ದರೂ ಆ ದಿನ ಅರ್ಧ ನೋವು ಉಳಿಯುತ್ತಿತ್ತು. ತೀರಾ ಆಗದಿದ್ದರೆ ಕುಳಿತುಕೊಂಡೇ ಜಾರಿ ಇಳಿಯಬಹುದು, ಮರ್ಯಾದೆ ಹೋಗುವುದಿಲ್ಲ. ಹೆಜ್ಜೆಯೂರಲೇ ಆಗದವರನ್ನು ನಡೆಸಬಾರದು. 108ಕ್ಕೆ ಫೋನ್ ಮಾಡಿದರೆ ರಸ್ತೆಯವರೆಗಾದರೂ ಆಂಬ್ಯುಲೆನ್ಸ್ ಬರುತ್ತದೆ.

ಮರುದಿನ ಎದ್ದಾಗ ಮೊಣಕಾಲು ಉಬ್ಬಿದ ಕಡುಬಿನಂತಿತ್ತು. ಪೆಟ್ಟಾದ ಒಂದೆರಡು ಗಂಟೆಯೊಳಗೇ ಬಾತರೆ ಒಳಗೆ ರಕ್ತ ಸೋರಿರಬಹುದು, ಅಸ್ಥಿರಜ್ಜು ಹರಿದಿರಬಹುದು, ಎಲುಬು ಬಿರಿದಿರಬಹುದು. ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ನನ್ನ ಹಾಗೆ ನಿಧಾನವಾಗಿ ಬಾತರೆ ಹೆಚ್ಚಾಗಿ ಕೀಲಿನ ನಡುವಿನ ಮೃದ್ವಸ್ಥಿಯ ಮೆತ್ತೆಗೆ ಪೆಟ್ಟು. ಎಕ್ಸ್‌ರೇ ಯಾರಿಗೆ ಬೇಕು ಎನ್ನುವುದಕ್ಕೆ ಕೆನಡಾದ ಒಟ್ಟಾವಾದ ವೈದ್ಯರು 1990ರ ದಶಕದಲ್ಲಿ ಒಂದು ಸರಳ ಸೂತ್ರ ಮಾಡಿದ್ದಾರೆ. ನಾಲ್ಕು ಹೆಜ್ಜೆ ನಡೆಯಲಾಗದಿದ್ದರೆ, ಮೊಣಕಾಲನ್ನು ಕಾಟಕೋನದಷ್ಟು ಮಡಿಸಲಾಗದಿದ್ದರೆ, ಚಿಪ್ಪನ್ನೋ ಅದರ ಕೆಳಗೆ ಹೊರಮಗ್ಗುಲಲ್ಲಿರುವ ಎಲುಬಿನ ತುದಿಯನ್ನೋ ಒತ್ತಿದಾಗ ನೋವಿದ್ದರೆ, ಅಥವಾ ವಯಸ್ಸು ಐವತ್ತೈದಾಗಿದ್ದರೆ, ಎಕ್ಸ್‌ರೇ ತೆಗೆಸಬೇಕು. ನನಗಾಗ ಐವತ್ತಾರು. ಬೇರೇನಿಲ್ಲದಿದ್ದರೂ ವಯಸ್ಸೊಂದರ ಲೆಕ್ಕದಲ್ಲೇ ಹೋಗಬೇಕಿತ್ತು, ಹೋಗಲಿಲ್ಲ.

ಬದಲಾಗಿ ಏನು ಮಾಡಿದೆ? ಪಕ್ಕದ ಮನೆಯ ಕಾಕೂ ಆಂಬೇಹಳದ್ ಅರೆದು ಬಿಸಿ ಲೇಪ ಹಾಕಿದರು. ಊರಿನಿಂದ ತಂದ ತೈಲವಿತ್ತು, ಅದನ್ನು ಗಟ್ಟಿಯಾಗಿ ತಿಕ್ಕಿದೆ. ಹೊಸ ಪೆಟ್ಟಿಗೆ, ಬಾವಿರುವಾಗ, ಬಿಸಿಯೂ ತಿಕ್ಕುವುದೂ ಮೊದಲ ಎರಡು ಮೂರು ದಿನ ಕೂಡದು. ಮಂಜುಗಡ್ಡೆಯ ವಿಷಯದಲ್ಲಿ ಮಾತ್ರ ಒಂದು ತಮಾಷೆಯಿದೆ. ವಿಶ್ರಾಂತಿ, ಮಂಜುಗಡ್ಡೆ, ಬಿಗಿಪಟ್ಟಿ, ಕಾಲೆತ್ತಿ ಇಡುವುದು ಎಂಬ ನಾಲ್ಕರ ಸೂತ್ರವನ್ನು 1978ರಲ್ಲಿ ಹೇಳಿದವರು ಅಮೆರಿಕದ ಡಾ. ಗೇಬ್ ಮಿರ್ಕಿನ್. ಮುವ್ವತ್ತಾರು ವರ್ಷ ಕಳೆದ ಮೇಲೆ, 2014ರಲ್ಲಿ, ಅವರೇ ಮಂಜುಗಡ್ಡೆಯೂ ಸಂಪೂರ್ಣ ವಿಶ್ರಾಂತಿಯೂ ಗುಣವಾಗುವುದನ್ನು ತಡಮಾಡಬಹುದೆಂದು ಬರೆದರು. ಹಾಗಾಗಿ ಈಗ ನೋವು ತಗ್ಗಲೆಂದು ಮೊದಲ ದಿನ ಬಟ್ಟೆಯಲ್ಲಿ ಸುತ್ತಿ ಹತ್ತು ನಿಮಿಷ ಇಟ್ಟರೆ ಸಾಕು ಎನ್ನುತ್ತಾರೆ. ತನ್ನ ಮಾತನ್ನು ತಾನೇ ತಿದ್ದಿಕೊಳ್ಳುವ ವೈದ್ಯರನ್ನು ಕಂಡರೆ ನನಗೆ ಗೌರವ ಹೆಚ್ಚುತ್ತದೆ.

ಆಮೇಲಿನ ಏಳು ವಾರ ನಾನು ನಟಿಸಿದೆ. ಮನೆಯಲ್ಲಿ ಎಂಬತ್ತೆರಡರ ಅತ್ತೆಯಿದ್ದಾರೆ. ಅವರನ್ನು ಎಬ್ಬಿಸುವುದು, ಕೂರಿಸುವುದು ನನ್ನಿಂದಲೇ. ಕೆಲಸದ ಬಾಯಿ ಬಾರದ ದಿನ ನೆಲ ಒರೆಸುವುದೂ ನನ್ನಿಂದಲೇ. "ಕಾಲು ಯಾಕೆ ಎಳೆಯುತ್ತೀ?" ಎಂದು ಇವರು ಕೇಳಿದರೆ, "ಉಳುಕಿದೆ ಅಷ್ಟೆ" ಎನ್ನುತ್ತಿದ್ದೆ. ಒಂದು ಸಲ ನಾನೂ ಹಾಸಿಗೆ ಹಿಡಿದರೆ ಈ ಮನೆ ಹೇಗೆ ನಡೆಯುತ್ತದೆ ಎಂಬ ಭಯ. ಇದನ್ನು ಓದುತ್ತಿರುವ ಸೋದರಿಯರೇ, ನಿಮ್ಮಲ್ಲಿ ಎಷ್ಟು ಮಂದಿ ಇಂಥ ಉಳುಕನ್ನು ಸೆರಗಿನಡಿ ಬಚ್ಚಿಟ್ಟುಕೊಂಡಿದ್ದೀರೋ ನನಗೆ ಗೊತ್ತಿಲ್ಲ. ಬಚ್ಚಿಟ್ಟ ನನಗೆ ಆದದ್ದನ್ನು ಕೇಳಿ.

ಸಂಕ್ರಾಂತಿಯ ಹಿಂದಿನ ದಿನ ಬಾಳೆಎಲೆ, ಮಲ್ಲಿಗೆ, ಎಳ್ಳು-ಬೆಲ್ಲ ತರಲು ಮಾಟುಂಗಾಕ್ಕೆ ಹೋಗಿದ್ದೆ. ಎರಡೂ ಕೈಯಲ್ಲಿ ಚೀಲ ಹಿಡಿದು ಸ್ಟೇಷನ್ನಿನ ಸೇತುವೆ ಇಳಿಯುತ್ತಿದ್ದಾಗ, ನಡುಮೆಟ್ಟಿಲಲ್ಲಿ ಮೊಣಕಾಲು ತಟ್ಟನೆ ಹಿಡಿದುಕೊಂಡಿತು, ಒಳಗಿಂದ ಯಾರೋ ಚಿಲಕ ಹಾಕಿದ ಹಾಗೆ. ಹಿಂದೆ ಗಾಡಿಯಿಂದ ಇಳಿದವರ ಮಹಾಪೂರ. ಮುಂಬಯಿಯ ಸೇತುವೆಯ ಮೇಲೆ ನಿಂತವಳ ಗತಿ ಏನೆಂದು ನಿಮಗೆ ಹೇಳಬೇಕಾಗಿಲ್ಲ. ಸೊಪ್ಪಿನ ಬುಟ್ಟಿ ಹೊತ್ತ ಹೆಂಗಸೊಬ್ಬಳು ಬುಟ್ಟಿ ಇಳಿಸಿ, ನನ್ನ ರಟ್ಟೆ ಹಿಡಿದು ಕಂಬಿಯ ಪಕ್ಕಕ್ಕೆ ಎಳೆದು, ತನ್ನ ಬೆನ್ನನ್ನೇ ಗೋಡೆ ಮಾಡಿ ನಿಂತಳು. ಅರೆ ನಿಮಿಷದಲ್ಲಿ ಚಿಲಕ ಬಿಟ್ಟಿತು. ಆದರೆ ಅಲ್ಲಿ ನಾನು ಅತ್ತೆ, ಚಿಕ್ಕ ಮಗುವಿನ ಹಾಗೆ. ಅವಳ ಹೆಸರನ್ನೂ ಕೇಳಲಿಲ್ಲ.

ಅಂದು ರಾತ್ರಿ ಇವರಿಗೆ ಎಲ್ಲ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ, ಬೈಯಲಿಲ್ಲ. "ಏಳು ವಾರ ನನಗೂ ಹೇಳಲಿಲ್ಲವಲ್ಲ" ಎಂದಷ್ಟೇ ಅಂದರು. ಬೈದಿದ್ದರೆ ಚೆನ್ನಾಗಿತ್ತು.

ಎಂ.ಆರ್.ಐ. ಆಯಿತು. ವರದಿಯಲ್ಲಿ ಒಳಬದಿಯ ಮೆನಿಸ್ಕಸ್ ಹರಿದಿದೆಯೆಂದಿತ್ತು. ಬಿ.ಎ.ಯಲ್ಲಿ ಇಂಗ್ಲಿಷ್ ಓದಿದ್ದರಿಂದ ಉಳಿದದ್ದು ಶಬ್ದಕೋಶ ತೆರೆಯುವ ಚಟವೊಂದೇ, ತೆರೆದೆ. ಗ್ರೀಕ್ ಭಾಷೆಯಲ್ಲಿ ಮೆನಿಸ್ಕಸ್ ಎಂದರೆ ಪುಟ್ಟ ಚಂದ್ರ. ತೊಡೆಯೆಲುಬಿಗೂ ಕಣಕಾಲಿನ ಎಲುಬಿಗೂ ನಡುವೆ ಬಿದಿಗೆ ಚಂದ್ರನ ಆಕಾರದ ಎರಡು ಮೆತ್ತೆಗಳಿವೆ, ಭಾರವನ್ನು ಹಂಚಿಕೊಳ್ಳುವುದು ಅವುಗಳ ಕೆಲಸ. ಹೊರ ಅಂಚಿಗೆ ಮಾತ್ರ ರಕ್ತ ಹರಿಯುತ್ತದೆ; ಅಲ್ಲಿ ಹರಿದರೆ ಕೂಡಿಕೊಳ್ಳುವ ಆಸೆಯುಂಟು, ಒಳ ಅಂಚಿನಲ್ಲಿ ಹರಿದರೆ ತಾನಾಗಿ ಕೂಡುವುದಿಲ್ಲ. ನನ್ನದು ಒಳ ಅಂಚಿನದು.

ಮೊದಲು ನೋಡಿದ ವೈದ್ಯರು ಮುಂದಿನ ವಾರವೇ ದುರ್ಬೀನು ಹಾಕಿ ಹರಿದ ತುಂಡನ್ನು ಕತ್ತರಿಸಿ ತೆಗೆಯೋಣ ಎಂದರು. ಖರ್ಚಿನ ಚೀಟಿಯನ್ನೂ ಕೈಗೆ ಕೊಟ್ಟರು. ಯಾಕೋ ಮನಸ್ಸು ಒಪ್ಪದೆ ಪಾಲಿಕೆಯ ದೊಡ್ಡ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಮೂರು ಗಂಟೆ ಸರತಿಯಲ್ಲಿ ಕುಳಿತು ಇನ್ನೊಬ್ಬ ಹಿರಿಯರಿಗೆ ತೋರಿಸಿದೆವು. ಅವರು ಚಿತ್ರಗಳನ್ನು ಆಮೇಲೆ ನೋಡಿದರು, ಮೊದಲು ಕಾಲನ್ನು ನೋಡಿದರು. "ಪೂರ್ತಿ ನೀಟ ಮಾಡಲು ಆಗುತ್ತದೆಯೇ? ಚಿಲಕ ಬಿದ್ದರೆ ತಾನಾಗಿ ಬಿಡುತ್ತದೆಯೇ?" ಎಂದು ಕೇಳಿದರು. ಹೌದೆಂದೆ. ನೀಟವಾಗದೆ ಸಿಕ್ಕಿಬಿದ್ದೇ ಇದ್ದರೆ ಕತ್ತಿಯ ಮಾತು ಬೇರೆ, ಇಲ್ಲವಾದರೆ ಮೂರು ತಿಂಗಳು ವ್ಯಾಯಾಮ ಮಾಡಿ ನೋಡಿ ಎಂದರು. ಫಿನ್ಲೆಂಡಿನಲ್ಲಿ ನಡೆದು 2013ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯ ಕಥೆಯನ್ನೂ ಹೇಳಿದರು. ವಯಸ್ಸಿನಿಂದ ಸವೆದು ಮೆನಿಸ್ಕಸ್ ಹರಿದ 146 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ನಿಜವಾದ ಶಸ್ತ್ರಕ್ರಿಯೆ, ಉಳಿದವರಿಗೆ ದುರ್ಬೀನು ಹಾಕಿ ತೆಗೆದು ಶಸ್ತ್ರಕ್ರಿಯೆಯ ನಟನೆ ಮಾತ್ರ. ಒಂದು ವರ್ಷದ ನಂತರ ನೋಡಿದರೆ ಎರಡು ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ! ಪೆಟ್ಟಿನಿಂದ ಹರಿದ ಹುಡುಗರ ವಿಷಯ ಇದಲ್ಲ, ಆದರೆ ಐವತ್ತು ದಾಟಿದ ನಮ್ಮ ಮೊಣಕಾಲು ಬೀಳುವ ಮೊದಲೇ ಸ್ವಲ್ಪ ಸವೆದಿರುತ್ತದಂತೆ. ನನ್ನದೂ ಹಾಗೆಯೇ ಎಂದರು.

ಸುದ್ದಿ ಹಬ್ಬಿದ ಮೇಲೆ ಸಲಹೆಗಳಿಗೆ ಬರವೇ? ಎಲ್ಲರ ಬಾಯಲ್ಲೂ ಒಂದೇ ಮಾತು, "ಮಂಡಿ ಬದಲಿಸಿಬಿಡಿ." 2000ದ ಅಕ್ಟೋಬರಿನಲ್ಲಿ ವಾಜಪೇಯಿಯವರ ಎಡ ಮೊಣಕಾಲಿಗೂ 2001ರ ಜೂನಿನಲ್ಲಿ ಬಲ ಮೊಣಕಾಲಿಗೂ ನಮ್ಮ ಇದೇ ಮುಂಬಯಿಯ ಬ್ರೀಚ್ ಕ್ಯಾಂಡಿ ಆಸ್ಪತ್ರೆಯಲ್ಲಿ ಡಾ. ಚಿತ್ತರಂಜನ್ ರಣಾವತ್ ಶಸ್ತ್ರಕ್ರಿಯೆ ಮಾಡಿದ ಮೇಲೆ ಊರಿಗೆಲ್ಲ ಆ ಮಾತು ಬಾಯಿಪಾಠವಾಗಿದೆ. 2017ರಲ್ಲಿ ಸರ್ಕಾರ ಕೃತಕ ಮೊಣಕಾಲಿನ ಬೆಲೆಗೆ ಮಿತಿ ಹಾಕಿದ ಮೇಲೆ ಇನ್ನೂ ಹೆಚ್ಚಿತು. ಆದರೆ ಅದು ಸಂಧಿವಾತದಿಂದ ಕೀಲೇ ಸವೆದು ಹೋದವರಿಗೆ, ಬೇರೆಲ್ಲ ಮುಗಿದ ಮೇಲೆ. ಬೆಟ್ಟದಲ್ಲಿ ಬಿದ್ದವರಿಗೆಲ್ಲ ಅಲ್ಲ.

ವ್ಯಾಯಾಮ ಕಲಿಸಿದವಳು ನನ್ನ ಮಗಳ ವಯಸ್ಸಿನ ಹುಡುಗಿ. ಮೊದಲ ದಿನವೇ ಟೇಪು ಹಿಡಿದು ಎರಡೂ ತೊಡೆ ಅಳೆದಳು. ಎಡತೊಡೆ ಎರಡು ಸೆಂಟಿಮೀಟರ್ ಸೊರಗಿತ್ತು. "ಆಂಟಿ, ಮೊಣಕಾಲಿಗೆ ಸ್ವಂತ ಬಲವಿಲ್ಲ, ತೊಡೆ ಕೊಟ್ಟದ್ದೇ ಬಲ" ಎಂದಳು. ನೋವೆಂದು ಕಾಲನ್ನು ಉಳಿಸಿಕೊಂಡಷ್ಟೂ ತೊಡೆಯ ಸ್ನಾಯು ಕರಗುತ್ತದೆ, ಅದು ಕರಗಿದಷ್ಟೂ ಮೊಣಕಾಲು ಕೈಕೊಡುತ್ತದೆ. ಕಲಿಸಿದ್ದು ಬಹಳ ಸರಳ: ಕಾಲು ಚಾಚಿ ಕುಳಿತು ಮೊಣಕಾಲಡಿ ಟವೆಲಿನ ಸುರುಳಿಯಿಟ್ಟು ಐದು ಎಣಿಸುವವರೆಗೆ ಕೆಳಕ್ಕೆ ಒತ್ತುವುದು, ಮಲಗಿ ಕಾಲನ್ನು ನೀಟವಾಗಿಯೇ ಒಂದು ಗೇಣು ಎತ್ತಿ ಹಿಡಿಯುವುದು, ಕೆಲವು ವಾರಗಳ ನಂತರ ಕೈಯೂರದೆ ಕುರ್ಚಿಯಿಂದ ಎದ್ದು ಕೂರುವುದು, ಒಂದೇ ಮೆಟ್ಟಿಲನ್ನು ಹತ್ತಿಳಿಯುವುದು. ಇದಕ್ಕೆ ಬೇರೆ ಹೊತ್ತು ಎಲ್ಲಿಂದ ತರುವುದೆಂದು ಕೇಳಿದ್ದಕ್ಕೆ, "ಕುಕ್ಕರ್ ಕೂಗುವವರೆಗೆ ಏನು ಮಾಡುತ್ತೀರಿ?" ಎಂದಳು. ಅಂದಿನಿಂದ ನಮ್ಮ ಮನೆಯ ಅನ್ನ ಬೇಯುವುದು ನನ್ನ ವ್ಯಾಯಾಮದ ಲೆಕ್ಕದಲ್ಲಿ. ತೂಕವನ್ನೂ ಇಳಿಸಲು ಹೇಳಿದಳು. ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೆ ಮೊಣಕಾಲಿನ ಮೇಲಿನ ಭಾರ ನಾಲ್ಕು ಕಿಲೋ ಇಳಿಯುತ್ತದಂತೆ. ನಾನು ಐದು ಕಿಲೋ ಇಳಿದಿದ್ದೇನೆ. ಸಂಜೆಯ ಚಕ್ಕುಲಿ ಮಾತ್ರ ಪೂರ್ತಿ ಬಿಟ್ಟಿಲ್ಲ, ಸುಳ್ಳೇಕೆ ಹೇಳಲಿ.

ಮೊದಲ ತಿಂಗಳು ಏನೂ ಆಗಲಿಲ್ಲ. ಎರಡನೆಯ ತಿಂಗಳ ಕೊನೆಗೆ ಒಂದು ದಿನ ನಮ್ಮ ಮೂರನೆಯ ಮಾಳಿಗೆಯಿಂದ ಕಂಬಿ ಹಿಡಿಯದೆ ಕೆಳಗಿಳಿದಿದ್ದೇನೆಂದು ಗೊತ್ತಾದದ್ದು ಕೆಳಗೆ ಬಂದ ಮೇಲೆ. ಈಗಲೂ ಕೆಲವು ಸೋಲುಗಳಿವೆ. ಈಳಿಗೆ ಮಣೆ ಅಟ್ಟ ಸೇರಿದೆ. ಪೂಜೆಗೆ ಸ್ಟೂಲಿನ ಮೇಲೆ ಕೂರುತ್ತೇನೆ; ಮೊದಮೊದಲು ದೇವರೆದುರು ಎತ್ತರದಲ್ಲಿ ಕೂತಂತೆನಿಸಿ ಕಸಿವಿಸಿಯಾಗುತ್ತಿತ್ತು. "ದೇವರೂ ಪೀಠದ ಮೇಲೇ ಇದ್ದಾನಲ್ಲ" ಎಂದು ಅತ್ತೆಯವರೇ ಸಮಾಧಾನ ಹೇಳಿದರು. ಅವರನ್ನು ಎತ್ತಿ ಕೂರಿಸುವ ಕೆಲಸ ಈಗ ಬೆಳಿಗ್ಗೆ ಇವರದು, ಸಂಜೆ ನನ್ನದು. ಏಳು ವಾರ ಮುಚ್ಚಿಡದಿದ್ದರೆ ಈ ಏರ್ಪಾಡು ಆಗಲೇ ಆಗುತ್ತಿತ್ತೇನೋ.

ಈ ಸಲದ ವಿಹಾರಕ್ಕೆ ಬೊರಿವಲಿಯ ಕಾನ್ಹೇರಿ ಗುಹೆಗಳಿಗೆ ಹೋದೆವು. ನೂರಕ್ಕೂ ಮಿಕ್ಕಿದ ಗುಹೆಗಳು, ಬಂಡೆಯಲ್ಲೇ ಕಡಿದ ಮೆಟ್ಟಿಲುಗಳು, ಬೌದ್ಧ ಭಿಕ್ಷುಗಳು ಶತಮಾನಗಟ್ಟಲೆ ಹತ್ತಿಳಿದ ದಾರಿ. ತಳದಲ್ಲಿ ಗೀರುಗಳಿರುವ ಬೂಟು, ಎರಡು ಕೈಗೆ ಎರಡು ಕೋಲು ಹಿಡಿದು ನಾನು ಎಲ್ಲರಿಗಿಂತ ಹಿಂದೆ ಇಳಿಯುತ್ತಿದ್ದೆ. ಮುಂದಿದ್ದ ನಮ್ಮ ಕಾರ್ಯದರ್ಶಿಯವರು ಮರಳು ಕೂತ ಮೆಟ್ಟಿಲಲ್ಲಿ ಜಾರಿ ಕುಕ್ಕರಿಸಿದರು. ತಕ್ಷಣ ಎದ್ದು, ಸೀರೆ ಕೊಡವಿ, "ಏನೂ ಆಗಿಲ್ಲ, ನಡೆಯಿರಿ" ಎಂದರು. ನಾನು ಹೋಗಿ ಅವರ ಭುಜ ಒತ್ತಿ ಅಲ್ಲೇ ಮೆಟ್ಟಿಲ ಮೇಲೆ ಕೂರಿಸಿದೆ. ನೀರು ಕೊಟ್ಟು, ಮೊಣಕಾಲು ಮಡಿಸಿ ನೋಡಿ, ನಾಲ್ಕು ಹೆಜ್ಜೆ ನಡೆಸಿ ನೋಡಿ, ನನ್ನ ಒಂದು ಕೋಲನ್ನು ಅವರ ಕೈಗೆ ಕೊಟ್ಟೆ. ನಮ್ಮ ಗಾಡಿ ಅಂದು ಅರ್ಧ ಗಂಟೆ ತಡವಾಗಿ ಹೊರಟಿತು.